ತೊಡೆಸಂದಿಗೊಂದು ಸರ್ವರೋಗದ ಟ್ಯೂಬು

ಮೆಡಿಕಲ್ ಶಾಪಿನಲ್ಲಿ ಪಕ್ಕದ ಗಿರಾಕಿ ಹೋಗುವವರೆಗೆ ಕಾದು, ದನಿ ತಗ್ಗಿಸಿ, "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಎಲ್ಲಿ ತುರಿಕೆ, ಎಷ್ಟು ದಿನದಿಂದ ಎಂದು ಅಂಗಡಿಯವರು ಕೇಳುವುದಿಲ್ಲ. ಕೇಳದಿರುವುದನ್ನೇ ಗಿರಾಕಿ ಮರ್ಯಾದೆ ಎಂದುಕೊಳ್ಳುತ್ತಾನೆ.

ಆ ಟ್ಯೂಬಿನ ಸಣ್ಣ ಅಕ್ಷರಗಳನ್ನು ಓದಿ. ಕ್ಲೊಬೆಟಸಾಲ್ ಅಥವಾ ಬೆಕ್ಲೊಮೆಥಸೋನ್, ಜತೆಗೆ ಕ್ಲೋಟ್ರಿಮಝೋಲ್, ನಿಯೋಮೈಸಿನ್. ಸ್ಟೀರಾಯ್ಡ್ ಒಂದು, ಶಿಲೀಂಧ್ರಕ್ಕೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು. ಕಾಯಿಲೆ ಯಾವುದಾದರೇನು, ಮೂರರಲ್ಲೊಂದು ತಾಗೀತು ಎಂಬ ಲೆಕ್ಕಾಚಾರ. ಔಷಧವಾಗಿ ತೂಗಿದರೆ ಇದು ಕೆಟ್ಟ ಮಿಶ್ರಣ.

ಹಚ್ಚಿದ ಎರಡು ಮೂರು ದಿನದಲ್ಲಿ ನವೆ ಇಳಿಯುತ್ತದೆ ನಿಜ, ಜನ ಮರುಳಾಗುವುದೂ ಅದಕ್ಕೇ. ಆದರೆ ಸ್ಟೀರಾಯ್ಡ್ ಚರ್ಮದ ಪ್ರತಿರೋಧವನ್ನು ಅಡಗಿಸುತ್ತದೆ, ಶಿಲೀಂಧ್ರ ಸಾಯದೆ ಹಬ್ಬುತ್ತದೆ. ಗಜಕರ್ಣದ ಉಂಗುರದಂಥ ಅಂಚು ಅಳಿಸಿಹೋಗಿ, ಪಳಗಿದ ಚರ್ಮವೈದ್ಯರೂ ತಡವರಿಸುವಂತಾಗುತ್ತದೆ. ಈ ವೇಷ ಮರೆಸಿದ ರೂಪಕ್ಕೆ 1968ರಲ್ಲೇ 'ಟಿನಿಯಾ ಇನ್‌ಕಾಗ್ನಿಟೊ' ಎಂದು ಹೆಸರಿಟ್ಟಿದ್ದರು. ಅಲ್ಲದೆ ತೊಡೆಸಂದಿಯ ಚರ್ಮ ತೆಳು, ಸದಾ ಬೆವರು, ಮುಲಾಮು ಬೇಗ ಒಳಗಿಳಿಯುವ ಜಾಗ. ತಿಂಗಳುಗಟ್ಟಲೆ ಹಚ್ಚಿದವರ ಒಳತೊಡೆಯಲ್ಲಿ ಬಸುರಿನ ಗೆರೆಗಳಂಥ ಅಗಲ ಪಟ್ಟಿಗಳು ಮೂಡುತ್ತವೆ, ಕೆಲವೊಮ್ಮೆ ಅವೇ ಬಿರಿದು ಹುಣ್ಣಾಗುತ್ತವೆ. ಎಲ್ಲಿಂದ ಬಂತೋ ಎಂದು ತಲೆ ಕೆಡಿಸಿಕೊಳ್ಳುವ ಹುಣ್ಣಿಗೆ ಕಾರಣ ಕೆಲವೊಮ್ಮೆ ಜೇಬಿನಲ್ಲೇ ಇರುತ್ತದೆ!

ಇನ್ನೂ ದೊಡ್ಡ ಮೋಸ ಸಿಫಿಲಿಸ್‌ನದು. ಅದರ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಹೆಸರು ಬರುವುದು ಟ್ಯೂಬಿಗೆ, ಕಾಯಿಲೆ ಉಳಿಯುವುದು ರಕ್ತದಲ್ಲಿ. ಗುಂಪಾಗಿ ಎದ್ದು ಉರಿಯುವ ಗುಳ್ಳೆ ಹರ್ಪಿಸ್ ಇರಬಹುದು. ತೊಡೆಸಂದಿಯಲ್ಲೂ ಕಂಕುಳಲ್ಲೂ ಕುರು ಮರಳಿ ಮರಳಿ ಎದ್ದು, ಕೀವು ಸೋರಿ, ಕಲೆ ಬಿಡುತ್ತಿದ್ದರೆ ಹೈಡ್ರಾಡೆನೈಟಿಸ್ ಸಪ್ಪುರೇಟಿವಾ ಇರಬಹುದು. ನಮ್ಮಲ್ಲಿ ಅದನ್ನು 'ಉಷ್ಣ' ಎಂದು ಎಳನೀರು ಕುಡಿಸಿ ಮುಗಿಸುತ್ತಾರೆ, ಇಲ್ಲವೇ ಸ್ನಾನ ಸರಿಯಾಗಿ ಮಾಡುವುದಿಲ್ಲ ಎಂದು ಬೈಯುತ್ತಾರೆ. ಕೊಳಕಿಗೂ ಅದಕ್ಕೂ ಸಂಬಂಧವಿಲ್ಲ.

ಚರ್ಮವೈದ್ಯರ ಒತ್ತಾಯದ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರಾಟ ನಿಂತಿಲ್ಲ. ಇತ್ತ ಶಿಲೀಂಧ್ರನಾಶಕ ಟರ್ಬಿನಾಫಿನ್‌ಗೂ ಹಲವರಲ್ಲಿ ಬಗ್ಗದ ಶಿಲೀಂಧ್ರವೊಂದು ದೇಶದ ತುಂಬ ಹಬ್ಬಿತು. 2020ರಲ್ಲಿ ಅದಕ್ಕೆ ಬಿದ್ದ ಹೆಸರು ಟ್ರೈಕೊಫೈಟಾನ್ ಇಂಡೊಟಿನಿಯೇ. ಹೆಸರಲ್ಲೇ ನಮ್ಮ ದೇಶ!

ದೂರು ಅಂಗಡಿಯವರ ಮೇಲೆ ಮಾತ್ರ ಹೊರಿಸಿದರೆ ಅನ್ಯಾಯವಾದೀತು. ಪ್ಯಾಂಟು ಸರಿಸಿ ನೋಡದೆ, ಕುರ್ಚಿಯಲ್ಲಿ ಕೂತಲ್ಲಿಂದಲೇ ಇದೇ ಟ್ಯೂಬನ್ನು ಬರೆಯುವ ವೈದ್ಯರೂ ಇದ್ದಾರೆ. ಚರ್ಮವನ್ನು ತುಸು ಕೆರೆದು, ಗಾಜಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರ ಹೌದೋ ಅಲ್ಲವೋ ಬಹುಪಾಲು ಅಲ್ಲೇ ತಿಳಿಯುತ್ತದೆ. ಹುಣ್ಣಾದರೆ ರಕ್ತಪರೀಕ್ಷೆ ಬೇಕು.

ಜಿಲ್ಲಾಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಗುಪ್ತಾಂಗದ ಸೋಂಕುಗಳಿಗೆ ತಪಾಸಣೆ, ಔಷಧ ಎರಡೂ ಉಚಿತ. ಬಾಗಿಲವರೆಗೆ ಹೋಗಲು ಸಂಕೋಚವಾದರೆ ಮೊದಲು 1097 ಸಹಾಯವಾಣಿಗೆ ಫೋನ್ ಮಾಡಿ. ಹೋಗುವಾಗ ಹಚ್ಚುತ್ತಿದ್ದ ಟ್ಯೂಬನ್ನೂ ಕೈಯಲ್ಲಿ ಹಿಡಿದುಹೋಗಿ ವೈದ್ಯರಿಗೆ ತೋರಿಸಿ.