ಕಣ್ಣಿದ್ದವರ ಆಟ: ಸ್ವತಂತ್ರ ವಿಡಿಯೋ ಆಟಗಳ ಆಸ್ವಾದವನ್ನು ಕುರಿತು

‘ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬ ಗಾದೆ ಕೊಪ್ಪಳ ಸೀಮೆಯಲ್ಲಿ ಬಹುಪರಿಚಿತವಾದುದು. ಹಂಪೆಯದು ವಿಸ್ತಾರದ ವೈಭವ. ಅದನ್ನು ಕಾಣಲು ನಡೆಯಬೇಕು. ಕನಕಗಿರಿಯ ಕನಕಾಚಲಪತಿಯ ಗುಡಿಯಾದರೋ ಕಂಬದಿಂದ ಕಂಬಕ್ಕೆ ದೃಷ್ಟಿಯನ್ನು ಸಾವಕಾಶವಾಗಿ ಹರಿಸಿದವರಿಗೆ ಮಾತ್ರ ತನ್ನ ಸೊಬಗನ್ನು ತೆರೆದು ತೋರುತ್ತದೆ. ಈ ಗಾದೆಯಲ್ಲಿ ಊರಿನ ಅಭಿಮಾನವಷ್ಟೇ ಅಲ್ಲ, ಒಂದು ವಿಮರ್ಶಾಸೂತ್ರವೂ ಅಡಗಿದೆ. ಅದನ್ನು ವಿಡಿಯೋ ಆಟವೆಂಬ ಹೊಸ ಕಲೆಗೆ ಅನ್ವಯಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ವಿಡಿಯೋ ಆಟಗಳಲ್ಲಿ ಎರಡು ಬಗೆಯನ್ನು ಸ್ಥೂಲವಾಗಿ ಗುರುತಿಸಬಹುದು. ದೊಡ್ಡ ಸಂಸ್ಥೆಗಳು ಅಪಾರ ವೆಚ್ಚದಿಂದ ನಿರ್ಮಿಸುವ ಆಟಗಳು ಹಲವು ವೇಳೆ ವಿಸ್ತಾರವನ್ನೇ ನೆಚ್ಚಿಕೊಂಡಿರುತ್ತವೆ. ಅವುಗಳ ಲೋಕ ವಿಶಾಲವಾದುದು. ಆದರೆ ಹೋಗಬೇಕಾದ ದಾರಿಯನ್ನು ಬಾಣದ ಗುರುತೊಂದು ತೋರುತ್ತಲೇ ಇರುವುದರಿಂದ ಆಟಗಾರನ ಕಾಲು ನಡೆದರೂ ಕಣ್ಣು ನಿದ್ರಿಸುತ್ತದೆ. ಒಬ್ಬರೋ ಕೆಲವರೋ ಸೇರಿ ತಮ್ಮ ಇಚ್ಛೆಯಂತೆ ರಚಿಸುವ ‘ಇಂಡೀ’ ಆಟಗಳಿಗೆ ಆ ವಿಸ್ತಾರ ಸಾಧ್ಯವಿಲ್ಲ. ಅವುಗಳಲ್ಲಿ ಉತ್ತಮವಾದವು ಈ ಕೊರತೆಯನ್ನೇ ಗುಣವಾಗಿ ಮಾರ್ಪಡಿಸಿಕೊಂಡಿವೆ.

ಲೂಕಾಸ್ ಪೋಪ್ ಎಂಬುವರು 2018ರಲ್ಲಿ ಹೊರತಂದ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಇದಕ್ಕೆ ಒಳ್ಳೆಯ ನಿದರ್ಶನ. 1807ರಲ್ಲಿ ಹಡಗೊಂದು ಜನರಿಲ್ಲದೆ ಬಂದರಿಗೆ ಮರಳುತ್ತದೆ. ಅದರಲ್ಲಿದ್ದ 60 ಮಂದಿ ಯಾರು, ಒಬ್ಬೊಬ್ಬರ ಗತಿ ಏನಾಯಿತು ಎಂಬುದನ್ನು ವಿಮಾ ತನಿಖಾಧಿಕಾರಿಯಾದ ಆಟಗಾರ ನಿರ್ಧರಿಸಬೇಕು. ಉಡುಪು, ಮಾತಿನ ಧಾಟಿ, ಮಲಗುವ ಜೋಲಿಯ ಸಂಖ್ಯೆ—ಇವೇ ಆಧಾರಗಳು. ಸಾಮಾನ್ಯವಾಗಿ ಮೂವರ ವಿಚಾರ ಸರಿಯಾದಾಗಲೇ ಆಟ ಅದನ್ನು ಒಪ್ಪುವುದರಿಂದ ಬರಿಯ ಊಹೆಗೆ ಫಲ ದೊರೆಯುವುದು ಕಷ್ಟ. ಹತ್ತು ಸಲ ಕಂಡರೂ ಕಾಣದಿದ್ದುದು ಹನ್ನೊಂದನೆಯ ಸಲ ಫಕ್ಕನೆ ಹೊಳೆದಾಗ ಆಗುವ ಹಿಗ್ಗು ಗೆಲುವಿನದಲ್ಲ, ಅರಿವಿನದು.

ನಮ್ಮವರ ಕೃತಿಗಳಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡದ ‘ರಾಜಿ’ (2020) ಗಮನಾರ್ಹವಾದುದು. ಅದರ ಗೋಡೆಗಳ ಪುರಾಣಚಿತ್ರಗಳ ಮುಂದೆ ನಿಲ್ಲುವುದೇ ಒಂದು ಸುಖ; ಆದರೆ ಪದೇ ಪದೇ ಬರುವ ಕಾಳಗಗಳು ಆ ಸುಖವನ್ನು ಕೆಡಿಸುತ್ತವೆ ಎಂದು ಹೇಳದೆ ವಿಧಿಯಿಲ್ಲ. ಟೊರಾಂಟೊದ ವಿಸಾಯ್ ಗೇಮ್ಸ್ ತಂಡದ ‘ವೆಣ್ಬಾ’ (2023) ಇನ್ನೂ ಚಿಕ್ಕದು, ಇನ್ನೂ ಸಮರ್ಥವಾದುದು. ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿಯೊಬ್ಬಳ ಬಳಿ ಹರಿದು ಮಾಸಿದ ಅಡುಗೆಯ ಪುಸ್ತಕವಿದೆ. ಅಳಿಸಿಹೋದುದನ್ನು ಆಟಗಾರನೇ ತರ್ಕಿಸಿ ತುಂಬಬೇಕು. ಮಗನಿಗೂ ತಾಯ್ನುಡಿಗೂ ನಡುವೆ ಬೆಳೆಯುವ ಅಂತರವನ್ನು ಈ ಕ್ರಿಯೆಯೇ ಮನಗಾಣಿಸುತ್ತದೆ; ಬೇರೆ ವ್ಯಾಖ್ಯಾನ ಬೇಕಿಲ್ಲ.

ಒಗಟು ಬಿಡಿಸುವುದು ಬುದ್ಧಿಯ ವ್ಯಾಯಾಮವೇ ಹೊರತು ಕಲಾನುಭವವಲ್ಲವೆಂಬ ಆಕ್ಷೇಪ ಇಲ್ಲಿ ಹುಟ್ಟಬಹುದು. ಹಂಪೆಯ ಕಲ್ಲುಹಾಸುಗಳ ಮೇಲೆ ಕೊರೆದಿರುವ ಆಟದ ಮನೆಗಳನ್ನು ಕಂಡವರು ಇದಕ್ಕೆ ಉತ್ತರ ಹೇಳಬಲ್ಲರು. ಅಲ್ಲಿ ಗೆರೆಗಳಿವೆ, ನಿಯಮಗಳ ಬರಹವಿಲ್ಲ. ಹುಲಿ-ಕುರಿಯ ಆಟದಲ್ಲಿ ಮೂರು ಹುಲಿಗಳನ್ನು ಹದಿನೈದು ಕುರಿಗಳು ಕಟ್ಟಿಹಾಕುವ ಬಗೆಯನ್ನು ಯಾರೂ ಬಾಯಿಮಾತಿನಿಂದ ಪೂರ್ತಿಯಾಗಿ ಕಲಿಸಲಾರರು. ಕುರಿಗಳನ್ನು ಕಳೆದುಕೊಂಡೇ ಕಲಿಯಬೇಕು. ಒಗ್ಗಟ್ಟಿನ ಬಲ ಅಲ್ಲಿ ಉಪದೇಶವಲ್ಲ, ಅನುಭವ. ಬುದ್ಧಿ ಅನುಭವವಾಗಿ ಪರಿಣಮಿಸುವ ಎಡೆಯನ್ನು ಕಲೆಯೆನ್ನಲು ಸಂಕೋಚವೇಕೆ?

ಇದರಿಂದ ವಿಮರ್ಶಕನಿಗೂ ಅಧ್ಯಾಪಕನಿಗೂ ಒಂದು ಕರ್ತವ್ಯ ಒದಗುತ್ತದೆ. ಕಾವ್ಯವನ್ನು ನೂರು ಸಲ ಓದಿ ಸವಿಯಬಹುದು. ಇಂಥ ಆಟದಲ್ಲಿ ಮೊದಲ ಅರಿವು ಒಮ್ಮೆ ಮಾತ್ರ ಲಭ್ಯ. ಅದನ್ನು ಮುಂಚಿತವಾಗಿ ಹೇಳಿಬಿಟ್ಟವನು ಓದುಗನ ಪಾಲಿನ ಸಂತೋಷವನ್ನು ತಾನೇ ಉಂಡಂತಾಗುತ್ತದೆ. ಆದಕಾರಣ ಮೇಲಿನ ಆಟಗಳ ಬಾಗಿಲನ್ನು ತೋರಿಸಿದೆವಲ್ಲದೆ ಒಳಗೆ ಏನಿದೆಯೆಂಬುದನ್ನು ಬೇಕೆಂದೇ ಹೇಳಲಿಲ್ಲ. ಕನಕಗಿರಿಗೆ ದಾರಿ ಹೇಳಬಹುದು. ಕಣ್ಣನ್ನು ಎರವಲು ಕೊಡಲಾಗದು.