ಕುರಿ ಇನ್ನೂ ಕೈಲಿದ್ಯಾ?

ಕಡಕೊಳ ಸ್ಟೇಷನ್ನಿನಲ್ಲಿ ರೈಲು ಹತ್ತಿ ಅಶೋಕಪುರಂ ಬರೋಷ್ಟರಲ್ಲಿ ಫೋನಿನಲ್ಲಿ ಒಂದು ಚೆಸ್ ಆಟ ಮುಗಿಯುತ್ತೆ. ನನ್ನದಂತೂ ಅದಕ್ಕೂ ಮೊದಲೇ ಮುಗಿಯುತ್ತೆ. ಕುದುರೆ ಹೋಯ್ತು ಅಂದ ತಕ್ಷಣ ಆ ಬಾವುಟದ ಗುಂಡಿ ಒತ್ತಿ ಸೋಲೊಪ್ಪಿಕೊಂಡು ಕಿಟಕಿ ಕಡೆ ತಿರುಗೋದು ನನ್ನ ಅಭ್ಯಾಸ. ಒಂದಿನ ಕೆಲಸ ಇಲ್ಲದೆ ಕೂತಿದ್ದಾಗ ನಾನು ಸೋತ ಕೊನೇ 20 ಆಟ ತೆಗೆದು ಎಂಜಿನ್‌ಗೆ ಹಾಕಿ ನೋಡಿದೆ. ಅದರಲ್ಲಿ 17 ನಾನೇ ಕೈಬಿಟ್ಟಿದ್ದು. ಆ 17ರಲ್ಲಿ 6 ಆಟ ಸೋತೇ ಇರಲಿಲ್ಲ. ಒಂದರಲ್ಲಂತೂ ನಾನೇ ಮುಂದಿದ್ದೆ ಮಾರಾಯ್ರೆ! ಕುದುರೆ ಹೋದ ಬೇಜಾರಿನಲ್ಲಿ ಎದುರಾಳಿಯ ಮಂತ್ರಿ ಸಿಕ್ಕಿಬಿದ್ದಿರೋದು ಕಂಡೇ ಇರಲಿಲ್ಲ.

ಸೋಲ್ತಾ ಇರೋ ಆಟ ಬಿಡಬೇಕೋ ಆಡಬೇಕೋ ಅಂತ ಯಾರನ್ನೇ ಕೇಳಿ, ಎರಡರಲ್ಲಿ ಒಂದು ಉತ್ತರ ಬರುತ್ತೆ. ಚೆಸ್ ಕಲಿತವರು "ಸೋತಿದ್ದು ಗೊತ್ತಾದ ಮೇಲೂ ಆಡೋದು ಎದುರಿನವರಿಗೆ ಅವಮಾನ" ಅಂತಾರೆ. ವಾಟ್ಸಾಪ್ ಸ್ಟೇಟಸ್‌ನವರು "ಛಲ ಬಿಡಬೇಡ" ಅಂತಾರೆ. ಇಬ್ಬರೂ ಮುಂದಿರೋ ಮಣೆ ಯಾವುದು ಅಂತ ನೋಡಲ್ಲ ಅನ್ನೋದೇ ನನ್ನ ತಕರಾರು.

ನಮ್ಮ ಚೌಕಾಬಾರ ತಗೊಳ್ಳಿ. ಅದರಲ್ಲಿ ಮಧ್ಯದಲ್ಲಿ ಸೋಲೊಪ್ಪಿಕೊಂಡು ಎದ್ದೋರನ್ನ ನಾನಂತೂ ನೋಡಿಲ್ಲ. ಮೂರು ಕಾಯಿ ಹಣ್ಣಾಗಿರೋ ಅತ್ತೇನ ಒಂದೂ ಹಣ್ಣಾಗದ ಸೊಸೆ ಸೋಲಿಸಬಹುದು. ಕವಡೆ ಬೀಳೋದು ಯಾರ ಕೈಯಲ್ಲಿದೆ? ನಾಲ್ಕೂ ಮಕಾಡೆ ಬಿದ್ದರೆ ಎಂಟು, ಮೇಲೆ ಇನ್ನೊಂದು ಸಲ ಬಿಡೋ ಅವಕಾಶ. ಎದ್ದು ಹೋದರೆ ಅದು ದಡ್ಡತನ, ಅಷ್ಟೆ. ಚೆಸ್‌ನಲ್ಲಿ ಕವಡೆ ಇಲ್ಲ. ಅಲ್ಲಿ ನಿಮ್ಮನ್ನ ಉಳಿಸೋದು ಎದುರಾಳಿಯ ತಪ್ಪು ಮಾತ್ರ. ಹಾಗಾಗಿ ಇಬ್ಬರು ಗ್ರ್ಯಾಂಡ್‌ಮಾಸ್ಟರ್‌ಗಳ ಆಟಕ್ಕೆ ಸರಿಯಾದ ಶಿಷ್ಟಾಚಾರ ರೈಲಲ್ಲಿ ಆಡೋ ನನಗೂ, ಎಲ್ಲೋ ಊಟ ಮಾಡ್ತಾ ಆಡ್ತಿರೋ ಇನ್ನೊಬ್ಬನಿಗೂ ಒಪ್ಪಲ್ಲ. ನಾವಿಬ್ಬರೂ ನಿಮಿಷಕ್ಕೊಂದು ತಪ್ಪು ಮಾಡೋ ಜನ.

ಹಾಗಂತ ದೊಡ್ಡವರು ಸರಿಯಾಗೇ ಬಿಡ್ತಾರೆ ಅಂತಲೂ ಇಲ್ಲ. 1997ರಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ಎದುರು ಎರಡನೇ ಆಟದಲ್ಲಿ ಗ್ಯಾರಿ ಕಾಸ್ಪರೋವ್ ಸೋಲೊಪ್ಪಿಕೊಂಡರು. ಅಲ್ಲಿ ಮೇಲಿಂದ ಮೇಲೆ ಶಾ ಕೊಡ್ತಾ ಡ್ರಾ ಮಾಡ್ಕೊಳ್ಳೋ ದಾರಿ ಇತ್ತಲ್ಲ ಅಂತ ಮಾರನೇ ದಿನ ಅವರ ಕಡೆಯವರೇ ಹೇಳಿದರು. ಯಂತ್ರ ಇಷ್ಟು ಚೆನ್ನಾಗಿ ಆಡ್ತಿದೆ ಅಂದ್ರೆ ಅದಕ್ಕೆ ಎಲ್ಲಾ ಕಂಡಿರುತ್ತೆ ಅಂತ ಅವರು ನಂಬಿಬಿಟ್ಟಿದ್ದರು. ಆ ಪಂದ್ಯ ಮೂರೂವರೆ-ಎರಡೂವರೆಯಲ್ಲಿ ಹೋಯ್ತು. ಇನ್ನು 2016ರಲ್ಲಿ ಗೋ ಆಟದ ಲೀ ಸೆಡಾಲ್ ಆಲ್ಫಾಗೋ ಎದುರು ಮೊದಲ ಮೂರೂ ಸೋತಿದ್ದರು, ಅಂದ್ರೆ ಐದಾಟದ ಪಂದ್ಯವೇ ಹೋಗಿತ್ತು. ನಾಲ್ಕನೇ ಆಟದಲ್ಲಿ 78ನೇ ನಡೆಗೆ ಯಂತ್ರ ತಬ್ಬಿಬ್ಬಾಗಿ, ಕೊನೆಗೆ ಅದೇ ಸೋಲೊಪ್ಪಿಕೊಂಡಿತು. ಗೆಲ್ಲೋ ಸಾಧ್ಯತೆ ಶೇ. 20ಕ್ಕಿಂತ ಕೆಳಗೆ ಬಂದರೆ ಬಿಟ್ಟುಬಿಡು ಅಂತ ಅದಕ್ಕೆ ಮೊದಲೇ ಬರೆದಿಟ್ಟಿದ್ದರು. ಕೋಡ್ ಬರೆಯೋ ನನಗೆ ಇದು ಕೇಳಿ ನಗು ಬಂತು. ನಾವು ಇಷ್ಟು ಒದ್ದಾಡೋ ವಿಷಯ ಅದಕ್ಕೆ ಒಂದು ಇಫ್ ಕಂಡೀಷನ್!

ಈಗ ಕಂಪ್ಯೂಟರ್ ಆಟಗಳಿಗೆ ಬರ್ತೀನಿ. ಹಾಸ್ಟೆಲಿನಲ್ಲಿ ನಮ್ಮ ರಾತ್ರಿಗಳನ್ನೆಲ್ಲ ತಿಂದಿದ್ದು ಏಜ್ ಆಫ್ ಎಂಪೈರ್ಸ್ ಎರಡನೇ ಭಾಗ. ಶುರುವಿನಲ್ಲೇ ನಾಲ್ಕು ಜನ ರೈತಾಪಿಗಳು ಸತ್ತರೆ ಅದರಲ್ಲಿ ಮತ್ತೆ ಏಳೋದು ಕಷ್ಟ. ಅನ್ನ ಕಡಿಮೆ, ಅದಕ್ಕೆ ಜನ ಕಡಿಮೆ, ಜನ ಕಡಿಮೆ ಅಂತ ಮತ್ತೆ ಅನ್ನ ಕಡಿಮೆ. ಸಾಲದ ಬಡ್ಡಿ ಥರ. ನಾನು ಊರೆಲ್ಲಾ ಸುಟ್ಟು ಹೋದ ಮೇಲೂ ಒಬ್ಬನೇ ಒಬ್ಬನನ್ನ ನಕಾಶೆಯ ಮೂಲೆ ಕಾಡಿನಲ್ಲಿ ಬಚ್ಚಿಡ್ತಿದ್ದೆ. ಅವನನ್ನ ಹುಡುಕಿ ಕೊಲ್ಲೋ ತನಕ ಆಟ ಮುಗಿಯಲ್ಲ. ಸೀನಿಯರ್ಸ್ ಅರ್ಧ ಗಂಟೆ ಹುಡುಕ್ತಾ, ನಡುನಡುವೆ 11 ಒತ್ತಿ ಆ ಕೆಟ್ಟ ನಗು ನಗಿಸ್ತಾ, ಮೆಸ್ ಬಾಗಿಲು ಹಾಕಿದ ಮೇಲೆ ಬಂದು ನನಗೆ ಬೈತಿದ್ದರು. ಅದನ್ನ ಆಗ ಛಲ ಅಂದ್ಕೊಂಡಿದ್ದೆ. ಈಗ ಅನ್ಸುತ್ತೆ, ಅದು ಆಟವೇ ಅಲ್ಲ. ನನ್ನ ಕೈಲಿ ಒಂದು ನಡೆಯೂ ಉಳಿದಿರಲಿಲ್ಲ, ಅವರ ಊಟ ಕೆಡಿಸೋದೊಂದು ಬಿಟ್ಟು.

ಸಿವಿಲೈಸೇಷನ್ ಥರದ ಆಟಗಳಲ್ಲಿ ಒಬ್ಬರೇ ಆಡುವಾಗ ಇನ್ನೊಂದು ಚಟ ಇದೆ. ಬಿಡೋದೂ ಇಲ್ಲ, ಮುಂದುವರಿಸೋದೂ ಇಲ್ಲ, ಹಿಂದೆ ಸೇವ್ ಮಾಡಿದ ಕಡೆಗೆ ವಾಪಸ್ ಹೋಗೋದು. ಪಟ್ಟಣ ಕೈ ತಪ್ಪಿತೋ, ಲೋಡ್. ಹೀಗೆ ಆಡಿ ಗೆದ್ದ ಆಟ ಒಂದೂ ನನಗೆ ನೆನಪಿಲ್ಲ. ಪಟ್ಟಣ ಕಳ್ಕೊಂಡು, ಉಳಿದ ಮೂರರಲ್ಲಿ ಹೇಗೋ ಏಗಿ, ಕೊನೆಗೆ ಸೋತ ಆಟ ಒಂದು ಇದೆ. ಅದು ಪಟ್ಟಣದ ಹೆಸರುಗಳ ಸಮೇತ ನೆನಪಿದೆ.

ಆ ಹಾಸ್ಟೆಲ್ ವರ್ಷವೇ ನನಗೆ ಐದು ಸಬ್ಜೆಕ್ಟ್ ಉಳಿದು ಇಯರ್ ಬ್ಯಾಕ್ ಆಯ್ತು. ಕನ್ನಡ ಮೀಡಿಯಂನಿಂದ ಹೋದವನು, ಮೂರನೇ ಸೆಮಿಸ್ಟರಿನ ಗಣಿತ ತಲೆಗೆ ಹೋಗಲಿಲ್ಲ ಅಂತ ನೆಪ ಹೇಳಬಹುದು, ಆದರೆ ರಾತ್ರಿ ಏನು ಮಾಡ್ತಿದ್ದೆ ಅಂತ ಮೇಲೇ ಬರೆದಾಗಿದೆ. ಟ್ರಂಕು ಸಮೇತ ಊರಿಗೆ ಬಂದೆ. ಓದು ಬಿಡ್ತೀನಿ, ಇಲ್ಲೇ ಇಂಡಸ್ಟ್ರಿಯಲ್ ಏರಿಯಾದಲ್ಲಿ ಯಾವುದಾದ್ರೂ ಫ್ಯಾಕ್ಟರಿ ಸೇರ್ಕೊತೀನಿ ಅಂದೆ. ಜಗಲಿ ಮೇಲೆ ಕೂತಿದ್ದ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುರಿ ಇನ್ನೂ ಕೈಲಿದ್ಯಾ?" ಅಂದರು.

ಹುಲಿ-ಕುರಿ ಆಟ ಗೊತ್ತಿಲ್ಲದವರಿಗೆ ಹೇಳ್ತೀನಿ. ಮೂರು ಹುಲಿ, ಹದಿನೈದು ಕುರಿ. ಕುರಿಯವನು ಒಂದೊಂದಾಗಿ ಕಾಯಿ ಇಡಬೇಕು, ಹದಿನೈದೂ ಇಡೋವರೆಗೆ ಇಟ್ಟಿದ್ದನ್ನ ಕದಲಿಸೋ ಹಾಗಿಲ್ಲ. ಹುಲಿ ಮಾತ್ರ ಆಗಿನಿಂದಲೇ ಓಡಾಡಿ, ಕುರಿ ಮೇಲೆ ಹಾರಿ ತಿನ್ನುತ್ತೆ. ಶುರುವಿನಲ್ಲಿ ಒಂದೆರಡು ಹೋಗೋದು ಮಾಮೂಲು. ಎಲ್ಲಾ ಕುರಿ ಮಣೆ ಮೇಲೆ ಬಂದ ಮೇಲೇನೆ ಸುತ್ತುಗಟ್ಟೋ ಆಟ ಶುರು. ಕೈಯಲ್ಲಿ ಕುರಿ ಇಟ್ಕೊಂಡು ಸೋತೆ ಅನ್ನೋದು ಆ ಆಟಕ್ಕೇ ಅರ್ಥವಿಲ್ಲದ ಮಾತು. ನಾನು ಬೆರಳು ಮಡಚಿ ಎಣಿಸಿದೆ. ಐದು ಪೇಪರ್, ಒಂದು ವರ್ಷ. ವಾಪಸ್ ಹೋದೆ.

ಇಲ್ಲಿಗೆ ನಿಲ್ಲಿಸಿದ್ರೆ ಇದೂ ಒಂದು ವಾಟ್ಸಾಪ್ ಸ್ಟೇಟಸ್ ಆಗ್ತಿತ್ತು. ಆದರೆ ಅದೇ ಅಪ್ಪ ಮೂರು ಬೋರ್‌ವೆಲ್ ಒಣಗಿದ ಮೇಲೆ ಸಾಲ ಮಾಡಿ ನಾಲ್ಕನೇದು ಕೊರೆಸಿದರು. ಬರೀ ಧೂಳು ಬಂತು. "ಮೂರು ಹಾಕಿ ಬಿಡೋಕಾಗುತ್ತೇನ್ಲಾ" ಅಂದಿದ್ದರು. ಆ ಸಾಲ ನನ್ನ ಮೊದಲ ನಾಲ್ಕು ವರ್ಷದ ಸಂಬಳ ತಿಂತು. ಮಣೆ ಮೇಲೆ ಹುಲಿ ಎತ್ತ ಹಾರುತ್ತೆ ಅಂತ ಹೋದ ಕುರಿ ತೋರಿಸಿಕೊಡುತ್ತೆ, ಮುಂದಿನದನ್ನ ಬೇರೆ ಕಡೆ ಇಡಬಹುದು. ಮೂರು ಒಣ ತೂತು ನೋಡಿ ಅಪ್ಪ ನಾಲ್ಕನೇದಕ್ಕೆ ಜಾಗ ಬದಲಿಸಿದ್ದು ಹತ್ತು ಹೆಜ್ಜೆ ಅಷ್ಟೆ. ಅದನ್ನೂ ತೆಂಗಿನಕಾಯಿ ಹಿಡಿದು ನೀರು ನೋಡೋನು ಹೇಳಿದ್ದಕ್ಕೆ. ಅಪ್ಪನ ಮೇಲೆ ಸಿಟ್ಟಿಲ್ಲ. ನನಗೆ ಕೇಳಿದ ಪ್ರಶ್ನೆಯನ್ನ ಅವರು ತಮಗೇ ಕೇಳಿಕೊಳ್ಳಲಿಲ್ಲವಲ್ಲ ಅಂತ ಅಷ್ಟೆ.

ಮೊನ್ನೆ ಭಾನುವಾರ ಮಗಳನ್ನ ಜಗನ್ಮೋಹನ ಅರಮನೆಗೆ ಕರ್ಕೊಂಡು ಹೋಗಿದ್ದೆ. ಅಲ್ಲಿ ಗೋಡೆ ಮೇಲೆ ಆಟದ ಮಣೆಗಳನ್ನೇ ಬರೆಸಿದ್ದಾರೆ. 1861ರಲ್ಲಿ ಆ ಅರಮನೆ ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟಗಳ ಹುಚ್ಚು. ಅವರು ಬರೆಸಿದ ಶ್ರೀತತ್ತ್ವನಿಧಿಯ ಒಂಬತ್ತನೇ ಭಾಗ ಕೌತುಕನಿಧಿ ಪೂರ್ತಿ ಆಟಗಳಿಗೇ ಮೀಸಲು. ಚದುರಂಗದ ಕುದುರೆಯನ್ನ 64 ಮನೆಗೂ ಒಂದೊಂದೇ ಸಲ ಓಡಿಸೋ ದಾರಿಗಳನ್ನ ಕಂಡುಹಿಡಿದವರು. ರಾಜ್ಯ ಹೋದ ಮೇಲೆ ಮಣೆ ಮುಂದೆ ಕೂತ ದೊರೆ ಅಂತ ನಮ್ಮ ಕಡೆ ಲೇವಡಿ ಮಾಡೋದು ಕೇಳಿದ್ದೀನಿ. ನನಗದು ಸರಿ ಕಾಣಲ್ಲ.

1831ರಲ್ಲಿ ನಗರದ ರೈತರ ದಂಗೆಯ ನೆಪ ಹೇಳಿ ಬ್ರಿಟಿಷರು ಆಡಳಿತ ಕಿತ್ಕೊಂಡರು. ದಂಗೆಗೆ ಮುಮ್ಮಡಿಯವರ ಆಡಳಿತದ ತಪ್ಪುಗಳೂ ಕಾರಣ, ಅದನ್ನ ಮುಚ್ಚಿಡಬೇಕಾಗಿಲ್ಲ. ಆಮೇಲೆ ಅವರ ಹತ್ತಿರ ಸೈನ್ಯ ಇಲ್ಲ, ಅಧಿಕಾರ ಇಲ್ಲ, ಉಳಿದಿದ್ದು ಕಾಗದ ಬರೆಯೋದೊಂದೇ. ರಾಜ್ಯ ವಾಪಸ್ ಕೊಡಿ ಅಂತ ಬರೆದರು. ಇಲ್ಲ ಅಂದರು, ಮತ್ತೆ ಬರೆದರು. ಹುಟ್ಟಿದ ಗಂಡು ಮಗ ಇಲ್ಲ ಅಂತ 1865ರಲ್ಲಿ ಪುಟ್ಟ ಚಾಮರಾಜೇಂದ್ರನನ್ನ ದತ್ತು ತಗೊಂಡರು. ಇದು ಕಾಡಿನ ಮೂಲೆಯಲ್ಲಿ ಬಚ್ಚಿಟ್ಟ ನನ್ನ ರೈತಾಪಿ ಥರ ಅಲ್ಲ. ಒಂದೊಂದು ಕಾಗದಕ್ಕೂ, ಆ ದತ್ತುವಿಗೂ ಕಲ್ಕತ್ತ, ಲಂಡನ್ನಿನವರು ಕೂತು ಉತ್ತರ ಯೋಚಿಸಬೇಕಾಗ್ತಿತ್ತು. ನಡುವೆ 1857 ಆಗಿ, ದೇಶೀ ರಾಜರ ವಿಷಯದಲ್ಲಿ ಎದುರಾಳಿಯ ಲೆಕ್ಕವೇ ಬದಲಾಯ್ತು. 1867ರಲ್ಲಿ ಸರಿ, ದತ್ತು ಮಗನಿಗೆ ರಾಜ್ಯ ಬಿಟ್ಟುಕೊಡ್ತೀವಿ ಅಂದರು. ಮುಮ್ಮಡಿಯವರು ತೀರಿಕೊಂಡಿದ್ದು ಮಾರನೇ ವರ್ಷ ಮಾರ್ಚ್‌ನಲ್ಲಿ. ರಾಜ್ಯ ಚಾಮರಾಜೇಂದ್ರರ ಕೈಗೆ ಬಂದಿದ್ದು 1881ರ ಮಾರ್ಚ್ 25ಕ್ಕೆ. ತಾನು ಕೂತು ಗೆಲ್ಲೋಕಾಗದ ಆಟವನ್ನ 37 ವರ್ಷ ಆಡಿದ ಮನುಷ್ಯ, ರಾತ್ರಿ ಹೊತ್ತು ಕುದುರೆಗೆ 64 ಮನೆಯ ದಾರಿ ಹುಡುಕ್ತಾ ಕೂತಿದ್ದಿರಬೇಕು ಅಂತ ನಾನು ಕಲ್ಪಿಸಿಕೊಳ್ತೀನಿ.

ಮನೆಗೆ ಬಂದ ಮೇಲೆ ಮಗಳು ತಾತನ ಜೊತೆ ಜಗಲಿ ಮೇಲೆ ಹುಲಿ-ಕುರಿ ಹೂಡಿದಳು. ಮಣೆ ಗೆರೆ ಸೀಮೆಸುಣ್ಣದ್ದು, ಹುಲಿಗೆ ಕಲ್ಲು, ಕುರಿಗೆ ಹುಣಸೆ ಬೀಜ. ನಾಲ್ಕು ಕುರಿ ಹೋಗಿತ್ತು. ಕೈಯಲ್ಲಿ ಇನ್ನೆರಡು ಬೀಜ ಹಿಡ್ಕೊಂಡು, "ತಾತ, ನಾನು ಬಿಟ್‌ಬಿಡ್ಲಾ?" ಅಂದಳು. ಅಪ್ಪ ಅವಳಿಗೇನೂ ಹೇಳದೆ ನನ್ನ ಕಡೆ ನೋಡಿದರು. ನಾನು ಮಣೆ ನೋಡಿದೆ. ಎಡಗಡೆ ಹುಲಿಗೆ ಹೊರಡೋಕೆ ಒಂದೇ ಒಂದು ಮನೆ ಖಾಲಿ ಇತ್ತು. ಮಗಳಿಗೆ ಅದು ಕಂಡಿರಲಿಲ್ಲ. ನಾನೂ ಹೇಳಲಿಲ್ಲ.