ಗೇಟಿನ ಹಿಂಬದಿ

ಸಿನಿಮಾಕ್ಕೆ ವಿಮರ್ಶೆ ಇದೆ, ಹೋಟೆಲ್ಲಿನ ದೋಸೆಗೂ ನಾವು ನಕ್ಷತ್ರ ಕೊಡ್ತೀವಿ. ದಿನಾ ಎರಡು ಸಲ ತಳ್ಳಿ ತೆಗೆಯೋ ಮನೆ ಗೇಟಿಗೆ ಮಾತ್ರ ಒಬ್ಬ ವಿಮರ್ಶಕ ಇಲ್ಲ. ಈ ಸಲ ಊರಿಗೆ ಹೋದಾಗ ಸುರಪುರ, ಶಹಾಪುರ, ಯಾದಗಿರಿ ಅಂತ ಮೂರು ದಿನ ಬೈಕಿನಲ್ಲಿ ಸುತ್ತಿ ಬರೀ ಗೇಟು ನೋಡಿದೆ. ಒಂದೆರಡು ಕಡೆ ಮನೆಯವರು ಅನುಮಾನದಿಂದ ಹೊರಗೆ ಬಂದು ವಿಚಾರಿಸಿದರು ಕೂಡ.

ಕಾರಣ ಇತ್ತು. ನಮ್ಮ ಕಾಕಾನ ಮಗ ಸುರಪುರದಲ್ಲಿ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡ್ತಾನೆ. ಎರಡು ವರ್ಷದ ಹಿಂದೆ ಸಾಲ ತೆಗೆದು ಪ್ಲಾಸ್ಮಾ ಕಟಿಂಗ್ ಟೇಬಲ್ ಹಾಕಿಸಿದ. ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ಟಾರ್ಚು ತಾನೇ ಓಡಾಡಿ ಕಬ್ಬಿಣದ ಹಾಳೆಯನ್ನ ಕತ್ತರಿಸೋ ಯಂತ್ರ ಅದು. ಸಾಲಕ್ಕೆ ಜಾಮೀನು ನಾನು. ಹೋದ ಬೇಸಿಗೆಯಲ್ಲಿ ಅವನು ಕೂಡಿಸಿದ ಒಂದು ಗೇಟಿನ ಬಲಗಡೆ ಬಾಗಿಲು ದೀಪಾವಳಿ ಹೊತ್ತಿಗೆ ಹಿಂಜ್ ಕಿತ್ತು ಬಿತ್ತು. ಆ ಮನೆಯ ಆರು ವರ್ಷದ ಹುಡುಗಿ ಅದರ ಮೇಲೆ ನಿಂತು ಜೋಕಾಲಿ ಆಡಿ, ಆಗಷ್ಟೇ ಇಳಿದು ಒಳಗೆ ಹೋಗಿದ್ದಳು. ಯಾರಿಗೂ ಏನೂ ಆಗಲಿಲ್ಲ. ಆದರೆ 2 ಮಿ.ಮೀ. ಹಾಳೆ ಚದರ ಮೀಟರಿಗೆ ಹದಿನೈದು ಕೆಜಿಗಿಂತ ಜಾಸ್ತಿ ತೂಗುತ್ತೆ. ಚೌಕಟ್ಟಿನ ಪೈಪೂ ಸೇರಿದರೆ ಆ ಬಾಗಿಲು ಐವತ್ತು ಕೆಜಿಗೆ ಕಡಿಮೆ ಇರಲಿಲ್ಲ.

ಫೋನಿನಲ್ಲಿ ತಮ್ಮ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಅಣ್ಣಾ, ಡಿಸೈನ್ ಅಂತೂ ಮಸ್ತ್ ಇತ್ತು ನೋಡು. ದಾರಿ ಹೋಗೋರೆಲ್ಲ ಫೋಟೋ ಹೊಡ್ಕೊಂಡು ಹೋಗ್ಯಾರ.”

ಸರಿ, ಡಿಸೈನಿನಿಂದಲೇ ಶುರು ಮಾಡೋಣ. ಬಿದ್ದ ಗೇಟಿನ ಮೇಲೆ ಗರಿ ಬಿಚ್ಚಿದ ನವಿಲು ಇತ್ತು. ಅದೇ ನವಿಲು ಶಹಾಪುರದಲ್ಲಿ ನಾಲ್ಕು ಮನೆ ಮುಂದೆ, ಯಾದಗಿರಿಯಲ್ಲಿ ಎಷ್ಟೋ ಕಡೆ ಕಂಡಿತು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗೋ ಫೈಲು. ಅದನ್ನ ಅವನಿಗೆ ಕಳಿಸಿದವನು ನಾನೇ, ಬೆಂಗಳೂರಿನ ಆಫೀಸಿನಲ್ಲಿ ಕೂತು, ಊಟದ ಬಿಡುವಿನಲ್ಲಿ. ಯಾರೋ ದೊಡ್ಡ ಹಾಳೆಗೆ ಅಂತ ಬರೆದ ಚಿತ್ರವನ್ನ ನಾವು ಐದಡಿ ಅಗಲಕ್ಕೆ ಕುಗ್ಗಿಸಿದೆವು. ಪರದೆಯ ಮೇಲೆ ಗೆರೆಗೆ ದಪ್ಪ ಇರೋದಿಲ್ಲ, ಪ್ಲಾಸ್ಮಾಗೆ ಇರುತ್ತೆ. 40 ಆಂಪಿನ ಟಾರ್ಚು ಹೋದಲ್ಲೆಲ್ಲ ಒಂದರಿಂದ ಒಂದೂವರೆ ಮಿ.ಮೀ. ಕಬ್ಬಿಣ ತಿಂದುಕೊಂಡೇ ಹೋಗುತ್ತೆ. ಎರಡು ಗರಿಗಳ ನಡುವೆ ಉಳಿಯೋ ಪಟ್ಟಿ ಕಡ್ಡಿಯಷ್ಟು ಸಣ್ಣದಾಗಿ ಶಾಖಕ್ಕೆ ಬಾಗುತ್ತೆ. ಹಾಳೆ ಬಾಗಿತೆಂದರೆ ಟಾರ್ಚಿಗೂ ಹಾಳೆಗೂ ಇರಬೇಕಾದ ಎರಡು ಮೂರು ಮಿ.ಮೀ. ಅಂತರ ಕೆಡುತ್ತೆ, ಮುಂದಿನ ಗರಿ ಓರೆಯಾಗಿ ಕತ್ತರಿಸುತ್ತೆ. ಹತ್ತಿರ ಹೋಗಿ ನೋಡಿದರೆ ಈ ನವಿಲುಗಳ ಎಡಗಡೆ ಗರಿಗಳು ಚೂಪು, ಬಲಗಡೆಯವು ಕರಗಿದ ಮೇಣದ ಹಾಗೆ. ಫೋಟೋದಲ್ಲಿ ಇದು ಕಾಣೋದಿಲ್ಲ.

ಇದೇ ಸುರಪುರದಲ್ಲಿ ನಾಯಕ ಅರಸರ ಆಶ್ರಯದಲ್ಲಿ ಒಂದು ಚಿತ್ರಶೈಲಿಯೇ ಬೆಳೆದಿತ್ತು. ಗರುಡಾದ್ರಿ ಮನೆತನದ ಕಲಾವಿದರು ಕೂದಲೆಳೆಯಂಥ ಗೆರೆ, ಬಂಗಾರದ ಲೇಪದ ಕೆಲಸಕ್ಕೆ ಹೆಸರಾದವರು. ಆ ಗೆರೆ ಕುಂಚದ ಗೆರೆ. ಅದನ್ನ ತಂದು ಗೇಟಿಗೆ ಹಾಕ್ರಪ್ಪ ಅಂತ ನಾನು ಹೇಳ್ತಿಲ್ಲ, ಹಾಕಿದರೆ ಅದೂ ಕರಗುತ್ತೆ. ಆದರೆ ಕೈಲಿರೋ ಸಲಕರಣೆಗೆ ಯಾವ ಗೆರೆ ಒಗ್ಗುತ್ತೆ ಅನ್ನೋ ಲೆಕ್ಕ ಅವರಿಗೆ ಗೊತ್ತಿತ್ತು. ನಮಗೆ ಡೌನ್‌ಲೋಡ್ ಗುಂಡಿ ಗೊತ್ತು.

ಇನ್ನು ಗೇಟನ್ನ ಹಿಂದಿನಿಂದ ನೋಡಿ. ಕತ್ತರಿಸಿದ ಅಂಚಿನ ಕೆಳಗೆ ಕಿಟ್ಟ ಅಂಟಿರುತ್ತೆ. ಅದರಲ್ಲೂ ಎರಡು ಜಾತಿ. ಟಾರ್ಚು ನಿಧಾನ ಓಡಿದರೆ ದಪ್ಪ ಗುಳ್ಳೆ ಗುಳ್ಳೆ ಕಿಟ್ಟ, ಉಳಿ ತಾಗಿಸಿದರೆ ಉದುರುತ್ತೆ. ತುಂಬ ಜೋರಾಗಿ ಓಡಿದರೆ ತೆಳ್ಳಗಿನ ಗಟ್ಟಿ ಕಿಟ್ಟ, ಗ್ರೈಂಡರ್ ಇಲ್ಲದೆ ಹೋಗೋದೇ ಇಲ್ಲ. ಯಾದಗಿರಿಯಲ್ಲಿ ಒಂದು ಗೇಟಿನ ಹಿಂದೆ ಕೈಯಾಡಿಸಿ ಬೆರಳು ಕುಯ್ದುಕೊಂಡೆ, ಅದು ಎರಡನೇ ಜಾತಿಯದು. ಗಾಳಿಯಿಂದ ನಡೆಯೋ ಪ್ಲಾಸ್ಮಾದಲ್ಲಿ ಇನ್ನೊಂದು ಕಾಣದ ತೊಂದರೆ ಇದೆ. ಗಾಳಿಯ ಸಾರಜನಕ ಕತ್ತರಿಸಿದ ಅಂಚಿನೊಳಗೆ ಸೇರಿಕೊಳ್ಳುತ್ತೆ. ಅಂಚನ್ನ ಉಜ್ಜದೆ ಹಾಗೇ ವೆಲ್ಡ್ ಮಾಡಿದರೆ ಬೆಸುಗೆಯೊಳಗೆ ಸಣ್ಣ ಸಣ್ಣ ತೂತು ಬೀಳುತ್ತವೆ. ಮೇಲೆ ಬಣ್ಣ ಬಳಿದರೆ ಮುಗೀತು, ಯಾರಿಗೂ ಗೊತ್ತಾಗೋದಿಲ್ಲ.

ಟೇಬಲ್ಲಿನ ಸ್ಥಿತಿ ನೋಡಿ ನನಗೆ ಮಾತೇ ಹೊರಡಲಿಲ್ಲ. ಹಾಳೆ ಕೂಡೋ ಪಟ್ಟಿಗಳ ಮೇಲೆ ಎರಡು ವರ್ಷದ ಕಿಟ್ಟ ಹೆಪ್ಪುಗಟ್ಟಿ ಒಂದು ಪಟ್ಟಿ ಮೇಲೆ, ಒಂದು ಕೆಳಗೆ. ಹಾಳೆ ಇಟ್ಟಾಗಲೇ ಓರೆ. ಆ ಪಟ್ಟಿಗಳು ಸವೆದು ಸಾಯೋಕೇ ಇರೋವು, ಬದಲಿಸ್ತಾ ಇರಬೇಕು. ಅರ್ಥ್ ಕ್ಲಾಂಪನ್ನ ಹಾಳೆಗೆ ಕಚ್ಚಿಸೋ ಬದಲು ತುಕ್ಕು ಹಿಡಿದ ಟೇಬಲ್ ಕಾಲಿಗೆ ಕಚ್ಚಿಸಿದ್ದ. ಕಂಪ್ರೆಸರಿನ ಟ್ಯಾಂಕಿನ ತಳದ ನಲ್ಲಿ ತಿರುಗಿಸಿದರೆ ಒಂದು ಚೊಂಬು ಕಂದು ನೀರು ಬಂತು. ಅದೇ ನೀರು ಆವಿಯಾಗಿ ಟಾರ್ಚಿಗೆ ಹೋಗಿ ಒಳಗಿನ ಎಲೆಕ್ಟ್ರೋಡನ್ನ ತಿನ್ನುತ್ತೆ, ನಾಝಲ್ಲಿನ ದುಂಡು ತೂತನ್ನ ಮೊಟ್ಟೆ ಆಕಾರ ಮಾಡುತ್ತೆ. ಕತ್ತರಿ ಓರೆ ಹೋಗೋದು ಅಲ್ಲಿಂದ. ಗಾಳಿಯ ಫಿಲ್ಟರಿನ ತುಂಬ ಹತ್ತಿಯ ನವಿರು. ನಮ್ಮ ಕಡೆ ಸುಗ್ಗಿಯಲ್ಲಿ ಹತ್ತಿ ತುಂಬಿದ ಲಾರಿ ಹೋದ ದಾರಿಯುದ್ದಕ್ಕೂ ಗಿಡಗಂಟಿ ಬೆಳ್ಳಗಾಗಿರುತ್ತೆ, ಫಿಲ್ಟರ್ ಯಾವ ಲೆಕ್ಕ? ಯಂತ್ರದ ಕೈಪಿಡಿಯಲ್ಲಿ ಫಿಲ್ಟರಿನ ಬಗ್ಗೆ ಎರಡೇ ಸಾಲು ಇದೆ. ಹತ್ತಿ ಬೆಳೆಯೋ ಊರಿನಲ್ಲಿ ಕೂತು ಅದನ್ನ ಬರೆದಿಲ್ಲ.

ಕೈಪಿಡಿಯ ಮೇಲೆ ನನ್ನ ದೊಡ್ಡ ತಕರಾರು ವೆಲ್ಡಿಂಗ್ ಕೋಷ್ಟಕದ್ದು. 2.5 ಮಿ.ಮೀ. ರಾಡಿಗೆ 60ರಿಂದ 90 ಆಂಪು, 3.15ಕ್ಕೆ 90ರಿಂದ 130. ಕೋಷ್ಟಕ ತಪ್ಪಲ್ಲ. ಆದರೆ ಮಷೀನಿನ ಬೆನ್ನಿನ ಸ್ಟಿಕ್ಕರಿನಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಂಗತಿ ಇದೆ: 60 ಪರ್ಸೆಂಟು. ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಸುಡಬಹುದು, ನಾಲ್ಕು ನಿಮಿಷ ಬಿಡಬೇಕು. ಆ ಲೆಕ್ಕ ಹಾಕೋದು ಸುತ್ತಲಿನ ಗಾಳಿ 40 ಡಿಗ್ರಿ ಇದ್ದಾಗ. ಮೇ ತಿಂಗಳಲ್ಲಿ ನಮ್ಮ ಕಡೆ ನೆರಳಲ್ಲೇ 40 ದಾಟಿರುತ್ತೆ. ತಗಡಿನ ಶೆಡ್ಡಿನ ಒಳಗೆ ಎಷ್ಟಿರಬಹುದು ನೀವೇ ಊಹಿಸಿ. ಮಷೀನು ಬಿಸಿಯಾಗಿ ತಾನೇ ನಿಲ್ಲುತ್ತೆ, ಅದಕ್ಕೆ ಬುದ್ಧಿ ಇದೆ. ಗೇಟು ಸಂಜೆಗೆ ಕೊಡ್ತೀನಿ ಅಂತ ಮಾತು ಕೊಟ್ಟ ಮನುಷ್ಯ ನಿಲ್ಲೋದಿಲ್ಲ.

ಅವತ್ತು ಆಗಿದ್ದೂ ಅದೇ. ಮಷೀನು ಎರಡು ಸಲ ನಿಂತಿತ್ತಂತೆ. ಮೂರನೇ ಸಲ ನಿಲ್ಲಬಾರದು ಅಂತ ತಮ್ಮ ಆಂಪು ಇಳಿಸಿದ. ತೆಳ್ಳನೆ ಪೈಪಿಗೆ ಅಂತ ಹಾಕಿದ್ದ 2.5ರ ರಾಡಿನಲ್ಲೇ, 65 ಆಂಪಿನಲ್ಲಿ, 6 ಮಿ.ಮೀ. ದಪ್ಪದ ಹಿಂಜ್ ಪಟ್ಟಿಯನ್ನೂ ಬೆಸೆದ. ಅದೂ ಸಂಜೆ ಏಳಕ್ಕೆ, ವೋಲ್ಟೇಜ್ ಕುಸಿಯೋ ಹೊತ್ತಿಗೆ. ಪರದೆಯ ಮೇಲೆ ಕಾಣೋದು ನಾವು ಇಟ್ಟ ಆಂಪು, ನಿಜವಾಗಿ ಹರಿದದ್ದಲ್ಲ. ಕಿತ್ತುಬಂದ ಹಿಂಜನ್ನ ನೋಡಿದೆ. ಬೆಸುಗೆ ಪಟ್ಟಿಯ ಮೇಲೆ ಅಂಟಿದ ಚ್ಯೂಯಿಂಗ್ ಗಮ್ಮಿನ ಹಾಗೆ ಕೂತಿತ್ತು, ಒಳಗೆ ಇಳಿದೇ ಇರಲಿಲ್ಲ. ಪಟ್ಟಿಯ ಮೇಲಿನ ಗ್ರೈಂಡರ್ ಗೀರುಗಳು ಬೆಸುಗೆಯ ಕೆಳಗೆ ಹಾಗೇ ಉಳಿದಿದ್ದವು. ಮೇಲಿಂದ ನೋಡಿದರೆ ಮೀನಿನ ಹೆಪ್ಪಳಿಕೆಯಂಥ ಚಂದದ ಸಾಲು.

ಯಾದಗಿರಿ ಹತ್ತಿರ ಕಡೇಚೂರಿನಲ್ಲಿ ರೈಲ್ವೆಯ ಬೋಗಿ ಕಾರ್ಖಾನೆ ಇದೆ. ಬೋಗಿ ಅಂದರೆ ನಾವು ಕೂರೋ ಡಬ್ಬಿ ಅಲ್ಲ, ಅದರ ಕೆಳಗಿನ ಗಾಲಿಗಳ ಚೌಕಟ್ಟು, ಪೂರ್ತಿ ಬೆಸುಗೆಯ ಮೇಲೆ ನಿಂತ ವಸ್ತು. ಅಂಥ ಬೆಸುಗೆಯನ್ನ ಪರೀಕ್ಷೆ ಮಾಡದೆ ಯಾರೂ ಹಳಿ ಮೇಲೆ ಬಿಡೋದಿಲ್ಲ. ಮನೆ ಗೇಟಿಗೆ ಆ ಪರೀಕ್ಷೆ ಮಾಡಬೇಕಾದವರು ಕೊಳ್ಳೋ ನಾವು. ನಾವು ಕೇಳೋದು ಎರಡೇ ಪ್ರಶ್ನೆ: ಚದರಡಿಗೆ ಎಷ್ಟು, ನವಿಲು ಇದೆಯಾ? ಹಿಂಜಿಗೆ ಯಾವ ರಾಡು ಹಾಕಿದಿ ಅಂತ ಕೇಳಿದವರು ಒಬ್ಬರೂ ಇಲ್ಲ ಅಂತಾನೆ ತಮ್ಮ. ಅವನ ತಪ್ಪು ದೊಡ್ಡದು, ಅದನ್ನ ಅವನೂ ಒಪ್ತಾನೆ. ಆ ಮನೆಯವರಿಗೆ ಬೇರೆ ಗೇಟು ಪುಕ್ಕಟೆ ಮಾಡಿಕೊಟ್ಟ.

ನಾನು ನೋಡಿದ್ದರಲ್ಲಿ ನನಗೆ ಹಿಡಿಸಿದ್ದು ಈ ಬದಲಿ ಗೇಟು. ನವಿಲು ಬ್ಯಾಡ ಅಂತ ಅವರೇ ಅಂದರಂತೆ. ಶಹಾಪುರದ ಮಲಗಿದ ಬುದ್ಧನ ಬೆಟ್ಟ ಇದೆಯಲ್ಲ, ಹಣೆ, ಮೂಗು, ಗದ್ದ, ಎದೆ ಅಂತ ಸಾಲಾಗಿ ಕಾಣೋದು, ಅದನ್ನ ದಾರಿಯಲ್ಲಿ ನಿಂತು ಮೊಬೈಲಿನಲ್ಲಿ ತೆಗೆದು ಆ ಅಂಚನ್ನ ಒಂದೇ ಗೆರೆ ಮಾಡಿದ್ದಾನೆ. ಈ ತುದಿಯಿಂದ ಆ ತುದಿಗೆ ಟಾರ್ಚು ಎಲ್ಲೂ ನಿಲ್ಲದೆ ಒಂದೇ ಓಟ. ಶಾಖ ಒಂದು ಕಡೆ ಗುಂಪಾಗೋದಿಲ್ಲ, ಹಾಳೆ ಸೆಟೆಯೋದಿಲ್ಲ. ಮೇಲಿನ ಅರ್ಧ ಬರೀ ಬಯಲು, ಅದರಾಚೆ ಅವರ ಬೇವಿನ ಮರ ಕಾಣುತ್ತೆ. ಒಂದೇ ಆಕ್ಷೇಪಣೆ ಇದೆ. ಬುದ್ಧನ ಎದೆ ಮುಗಿಯೋ ಕಡೆ ಅಲಂಕಾರಕ್ಕೆ ಅಂತ ಎರಡು ಕಮಲ ಸೇರಿಸಿದ್ದಾನೆ. ಬೇಕಿರಲಿಲ್ಲ. ಹೇಳಿದ್ದಕ್ಕೆ “ಗಿರಾಕಿ ಕೇಳ್ಯಾರ ಅಣ್ಣಾ, ಏನ್ ಮಾಡ್ಲಿ” ಅಂದ.

ಹಿಂದೆ ಹೋಗಿ ನೋಡಿದೆ. ಅಂಚು ಉಜ್ಜಿದ್ದ. ಹಿಂಜಿಗೆ 3.15ರ ರಾಡು, 120 ಆಂಪು, ಬೆಳಿಗ್ಗೆ ಆರೂವರೆಗೆ ಮಾಡಿದ್ದು ಅಂದ. ಹಿಡಿದು ಅಲ್ಲಾಡಿಸಿದೆ, ಆಮೇಲೆ ನನ್ನ ಎಪ್ಪತ್ತೆಂಟು ಕೆಜಿ ಅದರ ಮೇಲೆ ಹಾಕಿ ನಿಂತೆ. ಆ ಹುಡುಗಿ ಬಾಗಿಲಲ್ಲಿ ನಿಂತು ನಗ್ತಿದ್ದಳು.

ಶೆಡ್ಡಿನಲ್ಲಿ ಕಂಪನಿಯ ಕೋಷ್ಟಕದ ಪಕ್ಕ ಈಗ ನೋಟ್‌ಬುಕ್ಕಿನ ಒಂದು ಹಾಳೆ ಅಂಟಿಸಿದ್ದಾನೆ. ದಿನಾ ಟ್ಯಾಂಕಿನ ನೀರು ಬಿಡೋದು, ಶನಿವಾರ ಪಟ್ಟಿ ಕೆರೆಯೋದು, ಹತ್ತಿ ಸುಗ್ಗಿಯಲ್ಲಿ ಎರಡು ದಿನಕ್ಕೊಮ್ಮೆ ಫಿಲ್ಟರ್. ಕೆಳಗೆ ಕೆಂಪು ಪೆನ್ನಿನಲ್ಲಿ: “ಸಂಜಿ ಆರರ ಮ್ಯಾಲೆ ಹಿಂಜ್ ಬ್ಯಾಡ.”